ಶ್ರೀದೇವಿ ಟೀಚರ ದನಿ

"ಲಸಿಕಿ ಬ್ಯಾಡ ಅಂತ ನಾ ಯಾರಿಗೂ ಹೇಳಿಲ್ರೀ ಅಕ್ಕಾ. ಆದ್ರ ದನಿ ನಂದ ಐತಿ!"

ರಾಣೆಬೆನ್ನೂರಿನ ರೋಷನಬಿಯ ಬಾಗಿಲಲ್ಲಿ ಶ್ರೀದೇವಿ ಟೀಚರ್ ಅಳುತ್ತ ನಿಂತಿದ್ದಳು. ಕರೆತಂದವಳು ಸಹೋದ್ಯೋಗಿ ಶಿಲ್ಪಾ. ನಿವೃತ್ತ ಸಬ್‌ಇನ್ಸ್‌ಪೆಕ್ಟರ್ ರೋಷನಬಿ ಊರಿನ ಎಷ್ಟೋ ಗಂಟು ಬಿಡಿಸಿದ್ದನ್ನು ಪಕ್ಕದ ಮನೆಯ ಶಿಲ್ಪಾ ಕಣ್ಣಾರೆ ಕಂಡಿದ್ದಳು.

ಊರ ತುಂಬ ಮೊಬೈಲಿನಲ್ಲಿ ಹರಿದಾಡುತ್ತಿದ್ದ ದನಿಯ ತುಣುಕನ್ನು ಶಿಲ್ಪಾ ಒತ್ತಿ ಕೇಳಿಸಿದಳು. "ಮಕ್ಕಳಿಗೆ ಲಸಿಕಿ ಹಾಕಸಬ್ಯಾಡ್ರಿ, ಕೈಕಾಲು ಬಿದ್ದು ಹೊಕ್ಕಾವು." ಕಿವಿಯ ಹತ್ತಿರವೇ ಆಡಿದಂಥ ಸ್ಪಷ್ಟ ದನಿ. ಆ ದನಿಯ ಹಿಂದೆ, ದೂರದಲ್ಲಿ ಯಾರೋ ಸೀನಿದರು, ಇನ್ಯಾರೋ ಕೆಮ್ಮಿದರು. ಮರುದಿನವೇ ಶಾಲೆಯಲ್ಲಿ ಲಸಿಕೆ. ತಾಯಂದಿರು ಆಗಲೇ ಒಲ್ಲೆವೆನ್ನುತ್ತಿದ್ದರು.

ಶ್ರೀದೇವಿ ಕೃತಕ ಬುದ್ಧಿಮತ್ತೆಯಿಂದ ತನ್ನದೇ ದನಿಯ ನಕಲು ಮಾಡಿ, ಸುಳ್ಳು ಸುದ್ದಿ ಗುರುತಿಸಲು ಮಕ್ಕಳಿಗೆ ಕಲಿಸುತ್ತಿದ್ದಳು. ಹಾಗಾಗಿ ಇದೂ ಅಂಥ ನಕಲೇ ಎಂದು ಕಂಪ್ಯೂಟರ್ ಶಿಕ್ಷಕ ಸುನೀಲಕುಮಾರ ಅವಳ ಕ್ಲಾಸಿನ ಹುಡುಗರತ್ತಲೇ ಬೆರಳು ತೋರಿಸಿದ್ದ. ಶಾಲೆಯ ಕಾರ್ಯಕ್ರಮ, ತರಬೇತಿಗಳ ರೆಕಾರ್ಡಿಂಗ್ ನೋಡಿಕೊಳ್ಳುವವನೂ ಅವನೇ.

ಶಿಲ್ಪಾ ತುಣುಕನ್ನು ಪರೀಕ್ಷಿಸುವ ಆ್ಯಪಿಗೆ ಹಾಕಿದಳು. ಯಂತ್ರದ ದನಿಯಂತೆ ಕಾಣುವುದಿಲ್ಲ ಎಂದು ಬಂತು. ಅವಳು ಶ್ರೀದೇವಿಯತ್ತ ತಿರುಗಿ ನೋಡಿದಳು. ಹಾಗಾದರೆ ಗೆಳತಿ ಖರೇನೇ ಹೀಗೆ ಅಂದಳೇ?

"ಯಂತ್ರ ದನಿ ನೋಡತೈತಿ. ಮಾತಿನ ಹಿಂದು ಮುಂದು ನಾವು ನೋಡಬೇಕು," ಎಂದಳು ರೋಷನಬಿ. "ಈ ಸಾಲು ಎಲ್ಲೆರೆ ಓದೀಯೇನವಾ?"

"ಸುಳ್ಳು ಸುದ್ದಿ ಹಿಂಗಿರತೈತಿ ಅಂತ ಉದಾಹರಣೆಗೆ ಓದೇನ್ರಿ. ಇಲ್ಲಿ ಕ್ಲಾಸಿನ್ಯಾಗ, ಮತ್ತ ಬ್ಯಾಡಗ್ಯಾಗ ನಡೆದ ಶಿಕ್ಷಕರ ತರಬೇತ್ಯಾಗ."

ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರ ಪ್ರಭುಲಿಂಗಪ್ಪನವರ ಕೋಣೆಯಲ್ಲಿ ಎಲ್ಲರೂ ಸೇರಿದರು.

"ದನಿ ಖರೇ, ಸುದ್ದಿ ಖೊಟ್ಟಿ," ರೋಷನಬಿ ಶುರುಮಾಡಿದಳು. "ಹಿಂದ ಮುಂದ ಕತ್ತರಿಸ್ಯಾರ. ಎಲ್ಲಿ ಓದಿದ್ದು? ಸೀನು, ಕೆಮ್ಮು ಕೇಳ್ರಿ. ತರಬೇತಿ ನಡೆದದ್ದು ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ ಮಗ್ಗಲದಾಗ. ಘಾಟಿಗೆ ಮಂದಿ ಸೀನಾಕತ್ತಿದ್ರಂತ, ಶ್ರೀದೇವಿ ಟೀಚರ್ನ ಕೇಳೇನಿ. ಹುಡುಗ್ರು ಅಲ್ಲಿರಲಿಲ್ಲ. ಮಂದಿ ಸೀನು ದೂರ, ಟೀಚರ್ ಮಾತು ಹತ್ರ. ಅಂದ್ರ ಅವ್ರ ಸೀರಿಗೆ ಸಿಗಿಸಿದ್ದ ಮೈಕಿನ ರೆಕಾರ್ಡು. ಅದು ಯಾರ ಹತ್ರ ಐತ್ರಿ, ಸುನೀಲಕುಮಾರ ಸರ್?"

ಸುನೀಲಕುಮಾರ ತಲೆ ತಗ್ಗಿಸಿದ. "ಕಂಪ್ಯೂಟರ್ ಮಾಸ್ತರ ನಾನು. ಈ ಪಾಠ ಅವರಿಗೆ ಕೊಟ್ರಿ. ಅವರ ಪಾಠ ನಿಂತ್ರ ಸಾಕು ಅನ್ನಿಸ್ತು. ಲಸಿಕಿ ಮಟ ಹೋಗತೈತಿ ಅಂತ ತಿಳೀಲಿಲ್ಲ."

ಶಿಲ್ಪಾಗೆ ಸಿಟ್ಟು ನೆತ್ತಿಗೇರಿತು. ಶ್ರೀದೇವಿ ಮಾತ್ರ ಶಾಂತವಾಗಿ, "ಪೂರಾ ರೆಕಾರ್ಡು ತರ್ರಿ. ಮಂದಿ ಮುಂದ ನೀವ ಹಚ್ರಿ, ಹೆಂಗ ಕತ್ತರಿಸಿದ್ರಿ ಅಂತ ನೀವ ಹೇಳ್ರಿ," ಎಂದಳು. ಉಳಿದ ಶಿಕ್ಷೆ ಆಮೇಲೆ ನೋಡೋಣ ಎಂದರು ಪ್ರಭುಲಿಂಗಪ್ಪ.

ಅಂಗಳದಲ್ಲಿ ತಾಯಂದಿರು, ಮಕ್ಕಳು ಕಿವಿಗೊಟ್ಟು ಕೇಳಿದರು. ಮೊದಲು ತುಣುಕು, ಆಮೇಲೆ ಪೂರ್ತಿ ಪಾಠ. ಎಲ್ಲಿ ಕತ್ತರಿ ಬಿದ್ದಿದೆಯೆಂದು ಮಕ್ಕಳೇ ಕೂಗಿ ಹೇಳಿದರು. ಮುಂದೆ ಕುಳಿತಿದ್ದ ಹೊಳಿಯವ್ವ, "ಇನ್ನೊಮ್ಮೆ ಹಚ್ರಿ," ಎಂದಳು. ಮತ್ತೆ ಕೇಳಿಸಿಕೊಂಡು ಎದ್ದು, ಮೊಮ್ಮಗಳ ಅಂಗಿಯ ತೋಳು ಮಡಚುತ್ತ ನರ್ಸಮ್ಮನ ಕಡೆ ನಡೆದಳು.