ಅವಳಿಗೂ ಒಬ್ಬ ಟ್ರ್ಯಾಕ್ ಹಾಡಿದ

ಸ್ಟುಡಿಯೋ ಬಾಗಿಲು ತಳ್ಳಿದವಳು ಬೆಚ್ಚಿ ಹಿಂದಕ್ಕೆ ಸರಿದಳು... ಎದುರಿಗೆ ನಿಂತಿದ್ದ ಎತ್ತರದ ಆಳಿನ ಮುಖದ ತುಂಬ ಹಸಿರು ಚುಕ್ಕೆಗಳು!

ಅಂಟುರೋಗವೇ ಇರಬೇಕು ಅಂದುಕೊಂಡು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಳು. ಅವನು ಗೊಳ್ಳೆಂದು ನಕ್ಕ. ಕೆನ್ನೆಯ ಒಂದು ಚುಕ್ಕೆ ಕಿತ್ತು ಅವಳ ಅಂಗೈ ಮೇಲಿಟ್ಟ. ಬರೀ ಸ್ಟಿಕ್ಕರು.

ಆ ನಗುವಿಗೆ ಎದೆ ಯಾಕೆ ಝಲ್ಲೆಂದಿತೋ ಅವಳಿಗೇ ತಿಳಿಯಲಿಲ್ಲ. ಅವತ್ತೇ ಅವನಿಗೆ ಚುಕ್ಕೆ ಅಂತ ಹೆಸರಿಟ್ಟುಬಿಟ್ಟಳು.

ವಿಷಯ ಏನಪ್ಪಾ ಅಂದರೆ, ಅವನದು ಪರದೆ ಮೇಲಷ್ಟೇ ಬದುಕಿರೋ ವಿದೇಶಿ ಬ್ಯಾಂಡು. ನಾಲ್ಕು ಕಾರ್ಟೂನ್ ಗೊಂಬೆಗಳು ಹಾಡ್ತವೆ, ಕುಣೀತವೆ, ದೇಶದೇಶದ ಹುಡುಗರು ಹುಚ್ಚೆದ್ದು ನೋಡ್ತಾರೆ. ಅದರಲ್ಲಿ ನೀಲಿ ಕೂದಲಿನ ಗೊಂಬೆಯ ದನಿ ಚುಕ್ಕೆಯದು. ಅವನ ಮುಖದ ಚುಕ್ಕೆಗಳನ್ನು ಕ್ಯಾಮೆರಾ ಹಿಂಬಾಲಿಸುತ್ತೆ, ಅವನು ತುಟಿ ಆಡಿಸಿದ ಹಾಗೆ ಗೊಂಬೆಯೂ ಆಡಿಸುತ್ತೆ. ಅವನ ಮುಖ ಮಾತ್ರ ಯಾರಿಗೂ ತೋರಿಸೋ ಹಾಗಿಲ್ಲ, ಕಂಪನಿಯ ಕಟ್ಟುನಿಟ್ಟು.

ಹೊಸ ಹಾಡಿನಲ್ಲಿ ಒಂದು ಚರಣ ಅವನ ಭಾಷೆಯಲ್ಲಿ, ಇನ್ನೊಂದು ನಮ್ಮ ಹುಡುಗಿಯ ಭಾಷೆಯಲ್ಲಿ. ಅತಿಥಿ ಗಾಯಕಿ ಅವಳೇ.

ನಮ್ಮ ಹುಡುಗಿಯನ್ನ ಕಮ್ಮಿ ಅಂದುಕೋಬೇಡಿ ಮತ್ತೆ. ವರ್ಷಗಟ್ಟಲೆ ಟ್ರ್ಯಾಕ್ ಹಾಡಿದ ಗಂಟಲು ಅದು. ಹೆಸರುವಾಸಿ ಗಾಯಕಿಯರು ಬರೋ ಮುಂಚೆ ಹಾಡು ಹೀಗಿರುತ್ತೆ ಅಂತ ಹಾಡಿಡೋದು ಅವಳ ಕೆಲಸ. ಅವರು ಅದನ್ನು ಕೇಳಿ ಕಲಿತು ಹಾಡಿದ ಮೇಲೆ ಇವಳ ದನಿ ಅಳಿಸಿಬಿಡ್ತಾರೆ.

ಹೊಲಿಗೆ ಮಾಡೋ ಅಮ್ಮ ರೇಡಿಯೋ ದೊಡ್ಡದು ಮಾಡಿ, "ಇದು ನೀನಾ ಪುಟ್ಟಿ?" ಅಂತ ಕೇಳಿದಾಗಲೆಲ್ಲ ಅವಳು ಇಲ್ಲಮ್ಮ ಅನ್ನಬೇಕಿತ್ತು. ಒಂದೇ ಒಂದು ಸಲ ಹೌದಮ್ಮ ಅನ್ನಬೇಕು. ಅವಳ ಆಸೆ ಅಷ್ಟೇ ಕಣ್ರೀ, ಅದಕ್ಕಿಂತ ಹೆಚ್ಚೇನಿಲ್ಲ.

ಅರೆಬರೆ ಇಂಗ್ಲಿಷು, ಕೈಸನ್ನೆ, ನಗು... ಹೀಗೇ ಇಬ್ಬರ ಮಾತು ಸಾಗಿತು. ಅವಳು ಗಾಜಿನ ಕೋಣೆಯೊಳಗೆ ಹಾಡುವಾಗ ಅವನು ಹೊರಗೆ ನಿಂತು ಅವಳ ಒಂದೊಂದು ಪದವನ್ನೂ ತುಟಿಯಲ್ಲೇ ಕಲಿಯುತ್ತಿದ್ದ. ಚರಣದ ಕೊನೆಯ ಉದ್ದನೆಯ ಎಳೆತದಲ್ಲಿ ಪ್ರತಿಸಲವೂ ಅವನ ಉಸಿರು ಕೈಕೊಡುತ್ತಿತ್ತು. ನಿಮ್ಮ ಚರಣ ನಿಮ್ಮದೇ, ಅದನ್ನ ಯಾರೂ ಮುಟ್ಟಲ್ಲ ಅಂತ ಮಾತು ಕೊಟ್ಟ. ಅವಳು ನಂಬಿದಳು. ನಂಬಿ, ಪ್ರೀತಿಸಿಯೂಬಿಟ್ಟಳು.

ಹಾಡು ಸಿದ್ಧವಾಗಿ ಫೋನಿಗೆ ಬಂತು. ಅಮ್ಮ ಮಿಷನ್ ನಿಲ್ಲಿಸಿದರು. ಪಕ್ಕದ ಮನೆ ಆಂಟಿ ಒಲೆ ಆರಿಸಿ ಓಡಿಬಂದರು. ಮೊದಲ ಚರಣ ಮುಗಿಯಿತು. ಇನ್ನೇನು ಅವಳ ದನಿ ಬರಬೇಕು...

ಬಂದದ್ದು ಗಂಡಸಿನ ದನಿ. ಅವಳದೇ ಪದಗಳು, ಅವಳದೇ ರಾಗ. ಕೊನೆಯ ಎಳೆತದಲ್ಲಿ ಉಸಿರು ತಪ್ಪಿತು. ಚುಕ್ಕೆಯೇ, ಅನುಮಾನವೇ ಇಲ್ಲ.

ಅಮ್ಮ ಈ ಸಲ ಏನೂ ಕೇಳಲಿಲ್ಲ. ಎದ್ದು ಹೋಗಿ ಮತ್ತೆ ಮಿಷನ್ ತುಳಿಯತೊಡಗಿದರು.

ಬೆಳಗಾಗುತ್ತಲೇ ಸ್ಟುಡಿಯೋಗೆ ನುಗ್ಗಿದಳು. ಅವನು ಮುಖಕ್ಕೆ ಚುಕ್ಕೆ ಅಂಟಿಸಿಕೊಳ್ಳುತ್ತಿದ್ದ.

"ನನ್ನನ್ನ ಅಳಿಸೋಕೆ ಎಲ್ಲರೂ ಇದ್ರು. ನೀವೂ ಬೇಕಿತ್ತಾ?" ಅಂದಳು. ಬಾಯಿಗೆ ಬಂದದ್ದು ಅವಳ ಭಾಷೆಯೇ. ಅವನು ಕಕ್ಕಾಬಿಕ್ಕಿಯಾಗಿ ನೋಡಿದ. ಅವಳು ಫೋನಿನಲ್ಲಿ ಹಾಡು ಹಾಕಿ ಮೇಜಿನ ಮೇಲೆ ಕುಕ್ಕಿದಳು.

ಪಕ್ಕದಲ್ಲಿದ್ದ ಸೌಂಡ್ ಇಂಜಿನಿಯರು ಕೇಳಿದವನೇ ನಾಲಿಗೆ ಕಚ್ಚಿಕೊಂಡ.

ನಡೆದದ್ದು ಇಷ್ಟು. ಕಂಪನಿಯವರು ಅವಳನ್ನೂ ಗೊಂಬೆ ಮಾಡೋಣ ಅಂದಿದ್ದರು. ಚುಕ್ಕೆ ಸುತಾರಾಂ ಒಪ್ಪಲಿಲ್ಲ. ಅವಳು ತನ್ನ ಸ್ವಂತ ಮುಖದಲ್ಲೇ ವೇದಿಕೆ ಮೇಲೆ ನಿಲ್ಲಬೇಕು, ಅವಳ ಚರಣಕ್ಕೆ ನನ್ನ ಗೊಂಬೆ ಹಿಂದೆ ನಿಂತು ತುಟಿ ಆಡಿಸಲಿ, ಇಲ್ಲದಿದ್ದರೆ ನಾನೂ ಹಾಡಲ್ಲ ಅಂತ ಪಟ್ಟುಹಿಡಿದ. ಗೊಂಬೆಯ ತುಟಿ ಆಡಬೇಕಾದರೆ ಅವನು ಆ ಚರಣ ಹಾಡಲೇಬೇಕಲ್ಲ. ಚಿತ್ರ ಬಿಡಿಸೋರಿಗೆ ಅಂತ ಹಾಡಿದ್ದನ್ನು ಇಂಜಿನಿಯರು ಅವಸರದಲ್ಲಿ ಅವಳಿಗೆ ಕಳಿಸಿಬಿಟ್ಟಿದ್ದ.

"ಇವನು ನಿಮಗೆ ಟ್ರ್ಯಾಕ್ ಹಾಡಿದ್ದಾನೆ ಕಣಮ್ಮ," ಅಂದ ಇಂಜಿನಿಯರು, ತಲೆ ಕೆರೆದುಕೊಳ್ಳುತ್ತ. ಅಸಲಿ ಹಾಡು ಹಾಕಿದ. ಕೋಣೆಯ ತುಂಬ ಅವಳದೇ ದನಿ.

ನನಗೆ... ಟ್ರ್ಯಾಕ್? ಜಗತ್ತೇ ಕೇಳೋ ದನಿಯವನು ನನಗೋಸ್ಕರ ಟ್ರ್ಯಾಕ್ ಹಾಡಿದನಾ? ಅವಳು ಅಲ್ಲೇ ಕೂತು, ಮನಸಾರೆ ಅತ್ತಳು.

ಹಾಡು ಬಿಡುಗಡೆಯಾದ ದಿನ ಸಭಾಂಗಣ ಕಿಕ್ಕಿರಿದಿತ್ತು. ಪರದೆಯ ಮೇಲೆ ನಾಲ್ಕು ಗೊಂಬೆಗಳು, ಅವುಗಳ ಮುಂದೆ ಜೀವಂತವಾಗಿ ಅವಳೊಬ್ಬಳೇ. ಅವಳ ಚರಣ ಬಂದಾಗ ನೀಲಿ ಕೂದಲಿನ ಗೊಂಬೆ ತಲೆಬಾಗಿ ದಾರಿಬಿಟ್ಟಿತು. ಪರದೆಯ ಹಿಂದೆ ನಿಜವಾಗಿ ತಲೆಬಾಗಿದವನು ಯಾರು ಅಂತ ಅವಳಿಗೆ ಗೊತ್ತಿತ್ತು. ತಲೆ ಎತ್ತಿ ಹಾಡಿದಳು. ಎಲ್ಲೂ ಅಳುಕಲಿಲ್ಲ.

ಮುಗಿದಾಗ ಅಮ್ಮ ಮುಂದಿನ ಸಾಲಿನಿಂದ ಎದ್ದು ಬಂದು ಅವಳ ಗಲ್ಲ ಹಿಡಿದರು. ಕಣ್ಣಾರೆ ನೋಡಿದ್ದರೂ ಕೇಳಿದರು.

"ಇದು ನೀನಾ ಪುಟ್ಟಿ?"

"ಹೌದಮ್ಮ. ನಾನೇ."

ಆಮೇಲೆ ಪರದೆಯ ಹಿಂದೆ ಹೋದಳು. ಅವನು ಸ್ಟೂಲಿನ ಮೇಲೆ ಕೂತಿದ್ದ. ಅವಳು ಒಂದೊಂದೇ ಚುಕ್ಕೆ ಬಿಡಿಸತೊಡಗಿದಳು. ಜಗತ್ತು ನೋಡದ ಆ ಮುಖವನ್ನು ಕಣ್ತುಂಬ ನೋಡಿದಳು.

ಅವನು ಅವಳ ಭಾಷೆಯಲ್ಲೇ, ಕಲಿತಿಟ್ಟುಕೊಂಡಿದ್ದನ್ನು ತಡವರಿಸುತ್ತ ಹೇಳಿದ.

"ನಿಮ್ಮನ್ನ... ತುಂಬ ಪ್ರೀತಿಸ್ತೀನಿ. ನನ್ನ ಟ್ರ್ಯಾಕ್ ಈಗ ಅಳಿಸಬಹುದು."

ಅವಳು ಮತ್ತೆ ಅವರಿಬ್ಬರ ಅರೆಬರೆ ಇಂಗ್ಲಿಷಿಗೇ ಇಳಿದಳು. "ಅಳಿಸಲ್ಲ. ಅದು ನಂದು. ಉಸಿರು ಎಲ್ಲಿ ತಗೋಬೇಕು ಅಂತ ಮಾತ್ರ ನಿನಗಿನ್ನೂ ಗೊತ್ತಾಗಿಲ್ಲ."

"ಕಲಿಸ್ತೀರಾ?"

"ದಿನಾ ಪಕ್ಕದಲ್ಲಿ ಕೂತು ಹಾಡು, ಬರುತ್ತೆ."

"ದಿನಾ ಅಂದ್ರೆ... ಎಲ್ಲಿವರೆಗೆ?"

"ನನಗೆ ವಯಸ್ಸಾಗಿ ಗಂಟಲು ಬೀಳೋವರೆಗೆ."

"ಆಮೇಲೆ?"

ಕೊನೆಯ ಚುಕ್ಕೆ ಬಿಡಿಸಿ ಅವಳು ಅವನ ಕೆನ್ನೆಗೆ ಕೆನ್ನೆ ತಾಗಿಸಿದಳು.

"ಆಮೇಲೆ ನೀನು ಹಾಡು. ನಾನು ಕೇಳ್ತೀನಿ."