ಬಾವಿಯೊಳಗೆ ಉಳಿದವನು

“ಬಾವಿ ಯಾವಾಗ ಬರುತ್ತೆ?”

ಬಾಗಿಲಲ್ಲಿ ನಿಂತ ಅಪರಿಚಿತ ಕೇಳಿದ್ದು ಅದೊಂದೇ. ಆ ಕಣ್ಣು ನೋಡಿ ಅವಳು ಕೈಯಲ್ಲಿದ್ದ ದಾಳವನ್ನೇ ಮರೆತಳು...

ಅವಳು ಆಟ ಬರೆಯುವವಳು. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ. ಕಥೆ ನಡೆಸುವವರು ಸೂತ್ರಧಾರರು. ಉಳಿವೋ ಅಳಿವೋ ಎಂಬಲ್ಲಿ ಮಾತ್ರ ದಾಳದ್ದೇ ತೀರ್ಪು. ಮೊದಲ ಮುದ್ರಣ ಮುಗಿದು, ತಿದ್ದಿದ ಆವೃತ್ತಿ ಸಿದ್ಧವಾಗುತ್ತಿತ್ತು. ತಿದ್ದಿದ ಯಾವ ನಿಯಮವನ್ನೂ ಆಡಿ ನೋಡದೆ ಅಚ್ಚಿಗೆ ಕೊಡಬಾರದೆಂಬುದು ಅವಳ ಹಟ. ಅದಕ್ಕೇ ಸೋದರಮಾವನ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಭಾನುವಾರ ಯಾರು ಬೇಕಾದರೂ ಬಂದು ಆಡಬಹುದಿತ್ತು.

“ಕೂತ್ಕೊಳ್ಳಿ. ಎಲ್ಲಾ ಮುಂದೆ ಗೊತ್ತಾಗುತ್ತೆ,” ಎಂದಳು.

ಕೂತ. ಅಂದಿನಿಂದ ತಪ್ಪದೆ ಬಂದ. ಮುತ್ತು ಉದುರೀತೆಂಬಂತೆ ಬಾಯಿ ಮುಚ್ಚಿಕೊಂಡಿರುವವನಿಗೆ ಅವಳು ಮನಸ್ಸಿನಲ್ಲೇ ಮೌನಿ ಎಂದು ಹೆಸರಿಟ್ಟಳು.

ಉಳಿದವರೆಲ್ಲ ನಿಧಿ, ಕೋಟೆ ಎಂದು ಓಡಿದರೆ ಮೌನಿಯ ಪಾತ್ರ ಬಾವಿಯಿದ್ದ ಪಾಳುಹಳ್ಳಿಯತ್ತಲೇ ನಡೆಯುತ್ತಿತ್ತು. ಸೂತ್ರಧಾರಳಾಗಿ ಅವಳು ದಾರಿಗೆ ತೋಳ ತಂದಳು, ಹೊಳೆ ತಂದಳು. ಗಾಯ ಹೊತ್ತು ನಡೆದ. ಸಾಯಲೆಂದೇ ಹೊರಟವನ ಹಾಗೆ... ಅವಳಿಗೆ ಒಳಗೊಳಗೇ ಅಳುಕು. ಆದರೂ ಭಾನುವಾರ ಬಂತೆಂದರೆ ಕಣ್ಣು ಬಾಗಿಲಿಗೇ ನೆಟ್ಟಿರುತ್ತಿತ್ತು. ದಾಳ ಕೊಡುವಾಗ ಬೆರಳು ತಾಗಿದರೆ ಇಬ್ಬರಿಗೂ ಕೈ ಹಿಂತೆಗೆಯಲು ಮನಸ್ಸಾಗುತ್ತಿರಲಿಲ್ಲ.

ಮಾವನ ಕಣ್ಣು ತಪ್ಪೀತೇ? ಆಟ ತಿದ್ದಲು ಹೋಗಿ ನೀನೇ ಕೆಟ್ಟೆಯಲ್ಲೇ ಪುಟ್ಟಿ ಎಂದು ಛೇಡಿಸಿದರು.

ಪುಟಗಳು ಅಚ್ಚಿನ ಯಂತ್ರಕ್ಕೆ ಹೋಗುವ ಹಿಂದಿನ ದಿನ ಮೌನಿ ಪಾಳುಹಳ್ಳಿ ಮುಟ್ಟಿದ.

“ಬಾವಿ ಕಟ್ಟೆಗೆ ಹೋಗ್ತೀನಿ.”

“ಬಾವಿ ಇಲ್ಲ,” ಎಂದಳು. “ಹಳೇ ಆಟದಲ್ಲಿ ಇಳಿದವರು ಮೇಲೆ ಬರೋಕೆ ದಾರೀನೇ ಬರೆದಿರಲಿಲ್ಲ. ಆಡೋರು ಬೈದ್ರು. ಹೊಸದರಲ್ಲಿ ಮುಚ್ಚಿಬಿಟ್ಟೆ.”

ಅವನ ಮುಖ ಬಿಳಿಚಿಕೊಂಡಿತು.

“ಒಳಗೆ ಯಾರಾದ್ರೂ ಇದ್ದಾರಾ ಅಂತ ನೋಡದೇನೇ ಮುಚ್ಚಿದ್ರಾ?”

ಎದ್ದು ಹೊರಟೇಹೋದ. ಉಳಿದವರೂ ಮೆಲ್ಲಗೆ ಜಾಗ ಖಾಲಿ ಮಾಡಿದರು.

‘ಬಾವಿಗೋಸ್ಕರ ಬಂದಿದ್ದ... ನನಗೋಸ್ಕರ ಅಲ್ಲ. ನಾನೆಂಥ ಪೆದ್ದಿ...’ ಅವಳು ದಾಳಗಳನ್ನು ಡಬ್ಬಿಗೆ ಸುರಿದಳು.

ಅವನನ್ನು ಗೇಟಿನಲ್ಲಿ ತಡೆದು ಮಾತಾಡಿಸಿದ್ದ ಮಾವ ಒಳಬಂದು ವಿಷಯ ಹೇಳಿದರು. ಅವನಿಗೊಬ್ಬ ಅಣ್ಣನಿದ್ದ. ಕಾಯಿಲೆ ಬಿದ್ದ ಅಣ್ಣನ ಹಾಸಿಗೆಯ ಪಕ್ಕದಲ್ಲೇ ಇಬ್ಬರೂ ಇದೇ ಆಟ ಆಡುತ್ತಿದ್ದರು. ಒಂದು ಸಂಜೆ ಅಣ್ಣನ ಪಾತ್ರ ಬಾವಿಗಿಳಿಯಿತು. ಉಳಿದದ್ದು ನಾಳೆ ಆಡೋಣ ಎಂದು ಮಲಗಿದವನು ಮತ್ತೆ ಏಳಲಿಲ್ಲ. ಅಣ್ಣ ಹೋದದ್ದನ್ನು ತಮ್ಮ ಒಪ್ಪಿಕೊಂಡಿದ್ದ. ಆದರೆ ಆ ಕತ್ತಲಲ್ಲಿ ಅವನೊಬ್ಬನನ್ನೇ ಬಿಟ್ಟುಬರಲು ಮನಸ್ಸು ಒಪ್ಪಿರಲಿಲ್ಲ.

ಅವಳು ಅವನ ಅಣ್ಣನಿದ್ದ ಬಾವಿಯನ್ನೇ ಒರೆಸಿಹಾಕಿದ್ದಳಲ್ಲ!

ಬಸ್ ನಿಲ್ದಾಣದವರೆಗೂ ಓಡಿದಳು. ಬಾವಿ ತೆರೆಯುತ್ತೇನೆ, ಬನ್ನಿ ಎಂದಷ್ಟೇ ಹೇಳಲು ಉಸಿರಿತ್ತು.

ಕೋಣೆಯಲ್ಲಿ ಇಬ್ಬರೇ. ಹೊಸ ನಿಯಮವನ್ನು ಅಲ್ಲೇ ಕಟ್ಟಿದಳು: ಇಳಿಯುವವನ ಹಗ್ಗವನ್ನು ಮೇಲೊಬ್ಬರು ಹಿಡಿಯಬೇಕು, ದಾಳ ಸೋತರೆ ಹಗ್ಗ ಕಡಿಯುತ್ತದೆ. ಹಗ್ಗ ತಾನೇ ಹಿಡಿದಳು. ಅವಳ ಮುಂದೆ ಸೂತ್ರಧಾರರ ರಟ್ಟಿನ ಮರೆಯಿತ್ತು. ಮರೆಯಲ್ಲಿ ಬಿದ್ದ ದಾಳದ ಬಗ್ಗೆ ಏನು ಹೇಳಿದರೂ ನಡೆಯುತ್ತಿತ್ತು.

“ಮರೆ ತೆಗೀರಿ,” ಎಂದ ಅವನು. “ಸುಳ್ಳು ಹೇಳಿ ಅವನನ್ನ ಕರ್ಕೊಂಡು ಬರೋದು ಬೇಡ.”

ಅವಳು ಮರೆ ಸರಿಸಿದಳು. ದಾಳ ಉರುಳಿತು. ತಿರುಗಿತು... ನಿಂತಿತು.

ಒಂದು.

ಹಗ್ಗ ಕಡಿದಿತ್ತು. ಅವನು ದಾಳವನ್ನೇ ನೋಡುತ್ತ ಕೂತ. ಅವಳಿಗೆ ಹೆದರಿಕೆಯಾಯಿತು. ಇವನೂ ಬಾವಿಯಿಂದ ಮೇಲೆ ಬರುವುದಿಲ್ಲವೇನೋ...

ಅವಳು ಎದ್ದು ಅವನ ಪಕ್ಕ ಬಂದು ಕೂತಳು. ಸೂತ್ರಧಾರರು ಆಟಕ್ಕೆ ಇಳಿಯಬಾರದೆಂದು ಬರೆದವಳೂ ಅವಳೇ.

“ನಾನೂ ಇಳಿದೆ,” ಎಂದಳು. “ನಿಮ್ಮಣ್ಣ ಕಾಣ್ತಿದ್ದಾರಾ?”

“ಅದನ್ನ ನೀವಲ್ವಾ ಹೇಳ್ಬೇಕು?”

“ಅವರ ಮಾತು ನಾನು ಆಡಬಾರದು. ನೀವೇ ಕೇಳಿಸ್ಕೊಂಡು ಹೇಳಿ.”

ಅವನು ಕಣ್ಣು ಮುಚ್ಚಿ ಕಿವಿಗೊಟ್ಟ.

“ಬರೋಕೆ ಇಷ್ಟೊತ್ತೇನೋ ಕತ್ತೆ, ಅಂತಿದ್ದಾನೆ...”

ಅವನಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು. ಅವಳು ಅವನ ಕೈ ಹಿಡಿದುಕೊಂಡಳು. ಬಾಗಿಲಲ್ಲಿ ಇಣುಕಿದ ಮಾವ ಸದ್ದಿಲ್ಲದೆ ಹಿಂದೆ ಸರಿದು, ಮರುದಿನ ಯಂತ್ರಕ್ಕೆ ತಾವೇ ರಜೆ ಕೊಟ್ಟರು.

“ಇವಳ್ಯಾರೋ, ಅಂತ ಕೇಳ್ತಿದ್ದಾನೆ.”

“ನೀವೇನಂದ್ರಿ?”

“ನನ್ನೋಳು ಅಂದೆ. ಬಾವಿ ಒಂದೇ ಬೇಕಿದ್ದಿದ್ರೆ ಮೊದಲ್ನೇ ದಿನಾನೇ ಪಟ್ಟು ಹಿಡಿದು ಕೇಳಿ ತಿಳ್ಕೊಂಡು ಹೋಗ್ತಿದ್ದೆ. ನಿಮ್ಮೆದುರು ಕೂರೋಕೇ ಇಷ್ಟು ಉದ್ದದ ದಾರಿ ನಡೆದಿದ್ದು... ತಪ್ಪಾಯ್ತಾ?”

ಅವಳು ಇಲ್ಲವೆಂದು ತಲೆಯಾಡಿಸಿ ಅವನ ಭುಜಕ್ಕೊರಗಿದಳು.

“ಮೂರೂ ಜನ ಮೇಲೆ ಬರೋದು ಹೇಗೆ?” ಅವನು ಕೇಳಿದ.

“ಅದನ್ನಿನ್ನೂ ಬರೆದಿಲ್ಲ. ಸ್ವಲ್ಪ ಹೊತ್ತು ಇಲ್ಲೇ ಕೂತಿರೋಣ.”