ಹಾಲಿನ ವ್ಯಾನ್‌ನಲ್ಲಿ ಹೊಲಿಗೆ ಮಷೀನ್

ಹಿಂದೆ ಏಳು ಸ್ಕೂಟರ್. ಮುಂದೆ ಕಬ್ಬು ತುಂಬಿದ ಎರಡು ಟ್ರೈಲರ್ ಎಳೆಯುತ್ತಿರುವ ಟ್ರ್ಯಾಕ್ಟರು. ಎಡಕ್ಕೆ ತುಂಬಿ ಹರಿಯುವ ನಾಲೆ.

ಮಧ್ಯೆ ಒಂದು ಹಾಲಿನ ವ್ಯಾನ್. ಅದರೊಳಗೆ ನಾನು.

ಸ್ಕೂಟರ್ ಮೇಲಿದ್ದವರು ರೌಡಿಗಳಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಹದಿನಾಲ್ಕು ಜನ ಹೆಂಗಸರು... ಪಾಲಹಳ್ಳಿ ಹತ್ತಿರದ ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಲರ್‌ಗಳು. ಮುಂಚೂಣಿಯಲ್ಲಿದ್ದ ಸ್ಕೂಟರ್ ಓಡಿಸುತ್ತಿದ್ದವಳು ಪವಿತ್ರ. ಅವಳ ಹಿಂದೆ ಕುಳಿತವಳ ಕೈಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿ. ಒಂದು ಮೊಳ ಉದ್ದದ್ದು.

ಎಲ್ಲಿಂದಲೋ ಒಂದು ಕಲ್ಲು ಬಂತು. ಎಡಗಡೆಯ ಕನ್ನಡಿ ಪುಡಿಪುಡಿಯಾಯಿತು.

ಇನ್ನೂ ಸ್ವಲ್ಪ ಜೋರಾಗಿ ಹೋಗಣ್ಣ ಎಂದೆ, ಡ್ರೈವರ್ ಚಲುವಯ್ಯನಿಗೆ.

"ಇದು ಆಲಿನ ಗಾಡಿ ಕಣ್ಲಾ ನಿಂಗ. ಇದ್ರ ಸ್ಪೀಡು ಇಷ್ಟೇಯ."

ನಾನು ನಿಂಗರಾಜು. ಪಾಂಡವಪುರದವನು. ಹನ್ನೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ, ಆಮೇಲೆ ಇಲಾಖೆಗೂ ನನಗೂ ಸರಿಬರಲಿಲ್ಲ. ಈಗ ಆಗದ ಕೆಲಸಗಳನ್ನು ಮಾಡಿಸಿಕೊಡುತ್ತೇನೆ. ಬೋರ್ಡ್ ಹಾಕಿಲ್ಲ. ಬೇಕಾದವರಿಗೆ ನನ್ನ ಮನೆ ಗೊತ್ತು.

ಈ ಕೆಲಸ ಕೊಟ್ಟವನು ಆ ಗಾರ್ಮೆಂಟ್ಸ್ ಓನರ್.

ಅವನು ಹೇಳಿದ್ದು ನನಗೆ ಅರ್ಥವಾದಷ್ಟು ಹೇಳುತ್ತೇನೆ, ಕೇಳಿ. ಏಷ್ಯಾದ ಕಡೆ ದೊಡ್ಡದೊಂದು ವ್ಯಾಪಾರ ಒಕ್ಕೂಟ ಕಟ್ಟುತ್ತಿದ್ದರು. ನಮ್ಮ ದೇಶವೂ ವರ್ಷಗಟ್ಟಲೆ ಮಾತುಕತೆಯಲ್ಲಿತ್ತು. 2019ರಲ್ಲಿ ಬೇಡ ಎಂದು ಎದ್ದು ಬಂತು. ಬಂದಿದ್ದು ಒಳ್ಳೆಯದೇ ಆಯಿತು ಎಂದರು ಹಾಲಿನವರು. ಒಳಗಿದ್ದಿದ್ದರೆ ನ್ಯೂಜಿಲೆಂಡ್ ಹಾಲಿನ ಪುಡಿ ಬಂದು ಮಂಡ್ಯದ ಹಸುಗಳೆಲ್ಲ ಕೆಲಸ ಕಳೆದುಕೊಳ್ಳುತ್ತಿದ್ದವಂತೆ. ಆದರೆ ವಿಯೆಟ್ನಾಂ ಒಳಗೇ ಉಳಿಯಿತು. ಚೀನಾ ಬಟ್ಟೆ, ಚೀನಾ ಗುಂಡಿ ತರಿಸಿ ಅಲ್ಲಿ ಹೊಲಿದರೆ ಜಪಾನಿನವರಿಗೆ ಅಗ್ಗ. ಓನರ್‌ನ ಜಪಾನ್ ಪಾರ್ಟಿ ಆರ್ಡರನ್ನು ಅಲ್ಲಿಗೇ ಕೊಟ್ಟಿತು. ಓನರ್ ಅಲ್ಲೊಬ್ಬ ಪಾರ್ಟ್ನರ್‌ನನ್ನು ಹಿಡಿದ.

ದೇಶ ಒಕ್ಕೂಟ ಬಿಟ್ಟು ಹೊರಗೆ ಬಂದಿತ್ತು. ಓನರ್ ದೇಶ ಬಿಟ್ಟು ಒಕ್ಕೂಟದೊಳಗೆ ಹೊರಟಿದ್ದ. ಮಷೀನ್‌ಗಳ ಸಮೇತ.

ಅರವತ್ತೆರಡು ಹೊಲಿಗೆ ಮಷೀನ್. ಅವನ್ನು ನಾಗಮಂಗಲಕ್ಕೆ ಮುಟ್ಟಿಸಬೇಕಿತ್ತು. ಅಲ್ಲಿ ಕಂಟೇನರ್ ಲಾರಿ ಕಾಯುತ್ತಿತ್ತು. ಹತ್ತು ದಿನದಿಂದ ಹೆಂಗಸರು ಗೇಟಿನಲ್ಲಿ ಕುಳಿತಿದ್ದರು, ಯಾವ ಲಾರಿಯನ್ನೂ ಬಿಡುತ್ತಿರಲಿಲ್ಲ. ಮರುದಿನ ಹನ್ನೊಂದಕ್ಕೆ ಲೇಬರ್ ಆಫೀಸರ್ ಬರುವವರಿದ್ದರು. ಮಷೀನ್ ಇದ್ದರೆ ಅದು ಫ್ಯಾಕ್ಟರಿ, ಎಪ್ಪತ್ತು ಜನರ ಕೆಲಸಕ್ಕೆ ಒಂದು ಮಾತು ಕೇಳಬಹುದು. ಇಲ್ಲದಿದ್ದರೆ ಅದು ತಗಡಿನ ಶೆಡ್ಡು. ಶೆಡ್ಡಿನ ಹತ್ತಿರ ಯಾರು ಏನು ಕೇಳುತ್ತಾರೆ?

ದಾರಿ ಹೊಳೆದದ್ದು ನನಗೇ. ನಮ್ಮ ಜಿಲ್ಲೆಯಲ್ಲಿ ಕಾವೇರಿ ಗಲಾಟೆಯಾಗಲಿ, ಬಂದ್ ಆಗಲಿ, ಬಸ್ಸು ನಿಲ್ಲಿಸುತ್ತಾರೆ, ಮಂತ್ರಿಯ ಕಾರು ನಿಲ್ಲಿಸುತ್ತಾರೆ. ಹಾಲಿನ ಗಾಡಿಯನ್ನು ಮಾತ್ರ ನಿಲ್ಲಿಸುವುದಿಲ್ಲ. ಟೈರಿಗೆ ಬೆಂಕಿ ಹಚ್ಚಿದವರೇ ಅದನ್ನು ಪಕ್ಕಕ್ಕೆ ಎಳೆದು ದಾರಿ ಬಿಡುತ್ತಾರೆ.

ಕ್ಯಾತನಹಳ್ಳಿ ಹಾಲಿನ ಸೊಸೈಟಿ ಅಧ್ಯಕ್ಷ ಹೊನ್ನಪ್ಪನವರ ಹತ್ತಿರ ಹೋದೆ. ಒಂದು ಸಂಜೆಗೆ ವ್ಯಾನ್ ಬೇಕು ಎಂದೆ. ಅವರು ಹಾಲು ಒಕ್ಕೂಟದ ಡೈರೆಕ್ಟರ್ ಎಲೆಕ್ಷನ್‌ಗೆ ನಿಲ್ಲುವವರಿದ್ದರು. ಪ್ರಚಾರಕ್ಕೆ ಓನರ್ ಮೂರು ಜೀಪು ಕೊಡುವುದಾಗಿ ಮಾತಾಯಿತು. ವ್ಯಾನ್‌ನಲ್ಲಿ ಏನು ಸಾಗಿಸುತ್ತೀರಿ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೆ ಇಬ್ಬರೂ ಮರ್ಯಾದಸ್ಥರಾಗಿ ಉಳಿದೆವು.

ಒಂದು ವಿಷಯ ಮಾತ್ರ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಗೇಟಿನಲ್ಲಿ ಕುಳಿತವರ ಮುಂದಾಳು ಪವಿತ್ರ ಅವರ ಸ್ವಂತ ಮಗಳು.

ಸಂಜೆ ನಾಲ್ಕಕ್ಕೆ ಫ್ಯಾಕ್ಟರಿಯ ಹಿಂದಿನ ಗೇಟಿನಿಂದ ಹೊರಟೆವು. ಹೆಂಗಸರು ಎದ್ದು ದಾರಿ ಬಿಟ್ಟರು. ಒಬ್ಬಳು ಚಲುವಯ್ಯನಿಗೆ ಕೈ ಕೂಡ ಬೀಸಿದಳು. ನಾನು ಸೀಟಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆ ಮೆಚ್ಚುಗೆ ಹತ್ತು ನಿಮಿಷ ಇತ್ತು. ಕ್ಯಾಂಟೀನಿಗೆ ಹಾಲು ಇಳಿಸಿ ಹೋಗುವ ಖಾಲಿ ಗಾಡಿ ಭಾರಕ್ಕೆ ಅಷ್ಟು ತಗ್ಗಿ ಹೋಗುವುದಿಲ್ಲ ಎಂಬುದು ಪವಿತ್ರಳಿಗೆ ಹೊಳೆದುಬಿಟ್ಟಿತು. ಹಾಲಿನವರ ಮನೆ ಮಗಳಲ್ಲವೇ!

ಸರಿ, ಎಲ್ಲಿದ್ದೆ? ಟ್ರ್ಯಾಕ್ಟರಿನ ಹಿಂದೆ.

ಚಲುವಯ್ಯ ಎರಡು ಚಕ್ರ ನಾಲೆ ಏರಿಯ ಮೇಲೆ ಹತ್ತಿಸಿ ಮುಂದೆ ನುಗ್ಗಿದ. ವ್ಯಾನ್ ಒಂದು ಪಕ್ಕಕ್ಕೆ ವಾಲಿತು. ಹಿಂದೆ ಅರವತ್ತೆರಡು ಮಷೀನ್ ಒಟ್ಟಿಗೆ ಗಡಗಡ ಎಂದವು. ಕಿಟಕಿಯಲ್ಲಿ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹೇಗೋ ದಾಟಿದೆವು. ಪಕ್ಕದಲ್ಲಿ ಹಾಯುವಾಗ ನಾನು ಚಲುವಯ್ಯನ ಕಡೆಯ ಕಿಟಕಿಗೆ ಬಗ್ಗಿ, ಹಿಂದೆ ಆರ್‌ಟಿಒ ಬರ್ತಾವ್ರೆ ಎಂದು ಟ್ರ್ಯಾಕ್ಟರಿನವನಿಗೆ ಕೂಗಿದೆ.

ಅಷ್ಟು ಸಾಕಾಯಿತು. ನಂಬರ್ ಪ್ಲೇಟೇ ಇಲ್ಲದ ಟ್ರೈಲರ್ ಅವನದು. ಗದ್ದೆ ದಾರಿಗೆ ತಿರುಗಿಸಲು ಹೋದ. ಟ್ರ್ಯಾಕ್ಟರ್ ತಿರುಗಿತು, ಟ್ರೈಲರ್‌ಗಳು ತಿರುಗಲಿಲ್ಲ. ರಸ್ತೆಗೆ ಅಡ್ಡಲಾಗಿ ಒಂದು ಕಬ್ಬಿನ ಗೋಡೆ ನಿಂತಿತು.

ಸ್ಕೂಟರ್‌ಗಳು ಅದರಾಚೆ ಉಳಿದವು.

ಮುಂದೆ ಅರ್ಧ ಮೈಲಿಯಲ್ಲಿ ಓನರ್‌ನ ಮ್ಯಾನೇಜರ್ ಧರ್ಮೇಂದ್ರ ಜೀಪಿನಲ್ಲಿ ಹೋಗುತ್ತಿದ್ದ. ಜೊತೆಗೆ ಮೂವರು. ಬೆಳಿಗ್ಗೆಯೇ ನನಗೆ ಹೇಳಿದ್ದ, ಮಷೀನ್ ಆರು ಗಂಟೆಗೆ ನಾಗಮಂಗಲ ಸೇರದಿದ್ದರೆ ನೀನು ಆಮೇಲೆ ನಡೆಯುವ ಆಸೆ ಬಿಡಬೇಕು ಎಂದು. ಅವನು ದನಿ ಏರಿಸದೆ ಮಾತಾಡುವವನು. ಅಂಥವರ ಮಾತನ್ನು ನಾನು ನಂಬುತ್ತೇನೆ.

ಫೋನ್ ಮಾಡಿ, ರಸ್ತೆ ಕ್ಲಿಯರ್ ಎಂದೆ. ಸೀಟಿಗೆ ಒರಗಿದೆ.

ಪಾಂಡವಪುರ ಪೇಟೆ ತಪ್ಪಿಸಲು ಕ್ಯಾತನಹಳ್ಳಿ ಮೇಲೆಯೇ ಹೋಗಬೇಕಿತ್ತು. ಊರು ಬಂತು. ಸೊಸೈಟಿ ಬಂತು. ಆ ಸಂಜೆಯ ಹಾಲಿಗೆ ಹೊನ್ನಪ್ಪ ಕೆ.ಆರ್. ಪೇಟೆಯಿಂದ ಬೇರೆ ವ್ಯಾನ್ ಗೊತ್ತುಮಾಡಿದ್ದರು. ಅದು ಇನ್ನೂ ಬಂದಿರಲಿಲ್ಲ. ಜಗುಲಿಯ ಮೇಲೆ ತುಂಬಿದ ಹದಿನೆಂಟು ಕ್ಯಾನ್. ಸುತ್ತ ನಲವತ್ತು ಜನ. ಎಲ್ಲರೂ ರಸ್ತೆ ನೋಡುತ್ತಿದ್ದರು.

ಚಲುವಯ್ಯ ಬ್ರೇಕ್ ಹಾಕಿದ.

ಗಾಡಿ ನಿಂತಿತು. ಸರಿಯಾಗಿ ಜಗುಲಿಯ ಮುಂದೆ, ಒಂದು ಗೇಣೂ ಆಚೀಚೆ ಇಲ್ಲದಂತೆ.

"ಯಾಕಣ್ಣ ನಿಲ್ಲಿಸ್ಬುಟ್ಟೆ?"

ಅವನು ಸ್ಟೇರಿಂಗ್ ನೋಡಿದ, ತನ್ನ ಕಾಲು ನೋಡಿಕೊಂಡ.

"ಜನ ಆಲು ಇಟ್ಕಂಡು ಕಾಯ್ತಾವ್ರೆ ಕಣ್ಲಾ... ಎಂಗೋಗದು?"

ಇಪ್ಪತ್ತೆರಡು ವರ್ಷ ದಿನಕ್ಕೆ ಎರಡು ಸಲ ಅಲ್ಲಿ ನಿಲ್ಲಿಸಿದ ಕಾಲು. ಅದಕ್ಕೆ ನಮ್ಮ ಪ್ಲಾನ್ ಯಾರೂ ಹೇಳಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಕ್ಯಾನ್ ಎತ್ತುವವರು ಹಿಂದಿನ ಬಾಗಿಲು ತೆಗೆದಿದ್ದರು. ಎತ್ತಿದ ಕ್ಯಾನ್ ಕೆಳಗಿಟ್ಟರು. ಮುದುಕಿ ಮಂಚಮ್ಮ ಹತ್ತಿರ ಬಂದು ಇಣುಕಿ, ಇದ್ಯಾಕೆ ಹಾಲಿನ ಗಾಡಿ ತುಂಬ ಹೊಲಿಗೆ ಮಿಷನ್ನು ಎಂದು ಕೇಳಿದಳು. ಹೊನ್ನಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಬೆವರು ಇರಲಿಲ್ಲ.

ಆಯುಧಪೂಜೆಯ ಕುಂಕುಮ ಇನ್ನೂ ಮಷೀನ್‌ಗಳ ಮೇಲೆ ಹಾಗೇ ಇತ್ತು. ಪ್ರತಿ ಮಷೀನಿನ ಮೇಲೂ ಅದನ್ನು ಓಡಿಸುವವಳು ನೈಲ್ ಪಾಲಿಶ್‌ನಲ್ಲಿ ತನ್ನ ಹೆಸರು ಬರೆದುಕೊಂಡಿದ್ದಳು. ಸೊಸೈಟಿ ಕಾರ್ಯದರ್ಶಿ ದೇವಯ್ಯ ಕನ್ನಡಕ ಏರಿಸಿದ. ದಿನಾ ಹಾಲು ಹಾಕುವವರ ಹೆಸರು ಕೂಗುವವನು ಅವನು. ಅದೇ ದನಿಯಲ್ಲಿ ಓದತೊಡಗಿದ. ಸಹನ. ಧನುಶ್ರೀ. ಪಾರ್ವತಮ್ಮ. ಪವಿತ್ರ...

ಒಂದೊಂದು ಹೆಸರಿಗೆ ಗುಂಪಿನಲ್ಲಿ ಒಂದೊಂದು ತಲೆ ಎದ್ದಿತು. ಒಬ್ಬನ ಮಗಳು, ಒಬ್ಬಳ ಸೊಸೆ, ಮಂಚಮ್ಮನ ಮೊಮ್ಮಗಳು.

ನನಗೆ ನಾಚಿಕೆಯಾಯಿತು. ಈ ವೃತ್ತಿಯಲ್ಲಿ ಅದು ಬರಬಾರದು. ಬಂತು.

ಜೀಪು ಹಿಂದಕ್ಕೆ ಬಂತು. ಧರ್ಮೇಂದ್ರ ಇಳಿದ. ಅವನ ಮೂವರ ಕೈಯಲ್ಲೂ ಕಬ್ಬಿಣದ ರಾಡ್. ಬಾಗಿಲು ಮುಚ್ಚಿ, ಗಾಡಿ ಹೊರಡಲಿ ಎಂದ, ಅದೇ ಮೆತ್ತನೆಯ ದನಿಯಲ್ಲಿ. ಹೊನ್ನಪ್ಪನವರ ಕಡೆ ತಿರುಗಿ ಎಲೆಕ್ಷನ್ ನೆನಪಿಸಿದ. ಹೋಗ್ಲಿ ಬುಡ್ರಪ್ಪ ಎಂದು ಹೊನ್ನಪ್ಪನವರು ಜನಕ್ಕೆ ಹೇಳಿದರು. ಜನ ಅವರನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ಗದ್ದೆ ದಾರಿಯಿಂದ ಸ್ಕೂಟರ್‌ಗಳು ಬಂದವು. ಪವಿತ್ರ ಇಳಿದಳು. ಸೀರೆಯೆಲ್ಲ ಕೆಸರು. ವ್ಯಾನ್ ಒಳಗೆ ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ಗೊತ್ತಿತ್ತಾ ಅಪ್ಪ ನಿಂಗೆ?"

ಹೊನ್ನಪ್ಪನವರು ಸುಳ್ಳು ಹೇಳಲಿಲ್ಲ. ನೇರ ಉತ್ತರವನ್ನೂ ಕೊಡಲಿಲ್ಲ.

"ಆ ಒಪ್ಪಂದ ಬುಟ್ಟು ಬಂದಿದ್ಕೆ ನಮ್ಮಾಲು ಉಳೀತು ಕಣವ್ವ. ಇಲ್ದಿದ್ರೆ ಈ ಸೊಸೈಟಿನೇ ಇರ್ತಿರ್ನಿಲ್ಲ."

"ಉಳೀತು. ನಾನು ಬ್ಯಾಡ ಅಂದ್ನಾ? ದನಕ್ಕೆ ಬೂಸ ಯಾರ್ ಸಂಬಳ್ದಲ್ಲಿ ಬತ್ತಿತ್ತು, ಅದ್ನೂ ಯೋಳು ಇವ್ರಿಗೆಲ್ಲ."

ನಲವತ್ತು ಜನ ನೆಲ ನೋಡಿದರು. ಅದು ಆ ಊರಿನ ಪ್ರತಿ ಕೊಟ್ಟಿಗೆಯ ಮಾತು. ಹಾಲು ಅಪ್ಪನ ಹೆಸರಲ್ಲಿ ಹೋಗುತ್ತಿತ್ತು, ಬೂಸ ಮಗಳ ಸಂಬಳದಲ್ಲಿ ಬರುತ್ತಿತ್ತು. ಯಾವ ಪಕ್ಷದವನೂ ಮೈಕ್ ಹಿಡಿದು ಇದನ್ನು ಹೇಳಿರಲಿಲ್ಲ.

ಧರ್ಮೇಂದ್ರನಿಗೆ ಬೂಸದಲ್ಲಿ ಆಸಕ್ತಿಯಿರಲಿಲ್ಲ. ಚಲುವಯ್ಯನನ್ನು ಎಳೆದು ಹಾಕಿ ತಾನೇ ಡ್ರೈವರ್ ಸೀಟಿಗೆ ಹತ್ತಿದ. ಹತ್ತಿದವನು ಮತ್ತೆ ಇಳಿದ.

"ಕೀ ಎಲ್ಲಿ?"

ಗಾಡಿಯಿಂದ ಇಳಿಯುವಾಗ ಕಿತ್ತುಕೊಂಡ ಕೀ ನನ್ನ ಹತ್ತಿರ ಇತ್ತು. ಇತ್ತು ಅಂದರೆ, ಎರಡು ನಿಮಿಷದ ಹಿಂದಿನವರೆಗೆ. ಅಪ್ಪ ಮಗಳು ಮಾತಾಡುವಾಗ ಎಲ್ಲರ ಕಣ್ಣೂ ಅವರ ಮೇಲಿತ್ತು. ನಾನು ಜಗುಲಿಗೆ ಒರಗಿ ನಿಂತಿದ್ದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ದೇವಯ್ಯನ ದನಿ ಕಿವಿಯಲ್ಲಿ ಇನ್ನೂ ಓದುತ್ತಿತ್ತು.

"ಹಾಲಲ್ಲಿ," ಎಂದೆ.

ಯಾವ ಕ್ಯಾನ್ ಎಂದು ಕೇಳಿದ. ಮರೆತುಹೋಯಿತು ಎಂದೆ. ಅವನ ಕಡೆಯವನೊಬ್ಬ ರಾಡ್ ಬೀಸಿದ. ನನ್ನ ಎಡಗೈ ಮಣಿಕಟ್ಟು ಮುರಿದ ಸದ್ದು ನನಗೇ ಕೇಳಿಸಿತು. ಮಂಡಿಯೂರಿದೆ. ಕಣ್ಣು ಕತ್ತಲಿಟ್ಟಿತು. ಈಗ ನೆನಪಾಯಿತೇ ಎಂದು ಧರ್ಮೇಂದ್ರ ಕೇಳಿದ. ಇಲ್ಲ ಎಂದೆ. ನಿಜ ಹೇಳಬೇಕೆಂದರೆ ಆಗ ನನ್ನ ಹೆಸರೂ ನೆನಪಿರಲಿಲ್ಲ.

ಅವನು ಮೊದಲನೇ ಕ್ಯಾನಿನ ಮುಚ್ಚಳ ಕಿತ್ತು, ಚೆಲ್ಲಲು ಬಗ್ಗಿಸಿದ.

ಅದು ಅವನ ತಪ್ಪು. ಮಷೀನ್ ಕದ್ದಿದ್ದಕ್ಕೆ ನಿಂತು ನೋಡಿದ ಜನ, ಕೈ ಮುರಿದಿದ್ದಕ್ಕೂ ನಿಂತು ನೋಡಿದ ಜನ, ಕ್ಯಾನ್ ವಾಲಿದ ಕೂಡಲೇ ಒಂದು ಹೆಜ್ಜೆ ಮುಂದೆ ಬಂದರು. ನಲವತ್ತೂ ಜನ, ಒಂದೇ ಹೆಜ್ಜೆ. ಮಂಚಮ್ಮನ ಕೈಯಲ್ಲಿ ಹಾಲಿನ ಸ್ಟೀಲ್ ಚೊಂಬು ಇತ್ತು. ಅವಳು ಅದನ್ನು ಹಿಡಿದ ರೀತಿ ನನಗೆ ಹಿಡಿಸಲಿಲ್ಲ.

ಹೊನ್ನಪ್ಪನವರು ಜಗುಲಿ ಹತ್ತಿದರು. ಧರ್ಮೇಂದ್ರನ ಕೈಯಿಂದ ಕ್ಯಾನ್ ಬಿಡಿಸಿ ನೆಟ್ಟಗೆ ನಿಲ್ಲಿಸಿದರು. ಮುಚ್ಚಳ ಹಾಕಿದರು. ಅದರ ಮೇಲೆ ಕುಳಿತರು.

"ಎಲೆಕ್ಸನ್ನೂ ಬ್ಯಾಡ, ನಿಮ್ಮ ಜೀಪೂ ಬ್ಯಾಡ. ಅವು ನನ್ನ ಮಗಳ ಮಿಷನ್ನು. ಮುಟ್ಟಿ ನೋಡು."

ಪವಿತ್ರ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಅವಳ ಅಪ್ಪ ಅದನ್ನು ನೋಡದವರಂತೆ ರಸ್ತೆಯ ಕಡೆ ನೋಡಿದರು.

ಧರ್ಮೇಂದ್ರ ಬುದ್ಧಿವಂತ. ನಾಲ್ಕು ಮತ್ತು ನಲವತ್ತರ ಲೆಕ್ಕ ಅವನಿಗೆ ಬರುತ್ತಿತ್ತು. ಜೀಪು ಹತ್ತಿ ನಾಗಮಂಗಲದ ಕಡೆ ಹೋದ, ಖಾಲಿ ಕೈಯಲ್ಲಿ. ಕೀ ಐದನೇ ಕ್ಯಾನಿನಲ್ಲಿ ಸಿಕ್ಕಿತು. ಆ ಹಾಲನ್ನು ದೇವಯ್ಯ ರಿಜೆಕ್ಟ್ ಮಾಡಿ ನನ್ನನ್ನು ಕೆಟ್ಟದಾಗಿ ಬೈದ. ಚಲುವಯ್ಯ ಗಾಡಿ ತಿರುಗಿಸಿದ. ಕತ್ತಲಾಗುವ ಮೊದಲೇ ಮಷೀನ್‌ಗಳು ಪಾಲಹಳ್ಳಿ ಸೇರಿದವು. ನಾನು ಶ್ರೀರಂಗಪಟ್ಟಣದ ಆಸ್ಪತ್ರೆ ಸೇರಿದೆ.

ಮರುದಿನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಫ್ಯಾಕ್ಟರಿಗೆ ಹೋದೆ. ಯಾರೂ ಕರೆದಿರಲಿಲ್ಲ. ಪವಿತ್ರ ನನ್ನನ್ನು ನೋಡಿ, ಕುರ್ಚಿ ತೋರಿಸಿದಳು. ಅಷ್ಟು ಮರ್ಯಾದೆ ಹೆಚ್ಚೇ ಆಯಿತು.

ಲೇಬರ್ ಆಫೀಸರ್ ಹನ್ನೊಂದಕ್ಕೆ ಸರಿಯಾಗಿ ಬಂದರು. ಅರವತ್ತೆರಡು ಮೇಜು, ಅರವತ್ತೆರಡು ಮಷೀನ್. ಹೆಂಗಸರು ತಮ್ಮ ತಮ್ಮ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಆಫೀಸರ್ ಸುತ್ತಾಡಿ ನೋಡಿ, ಇದು ನಡೆಯುವ ಫ್ಯಾಕ್ಟರಿಯೇ ಎಂದು ಬರೆದುಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಅವರು ಪೆನ್ ಚಾಚಿ, ಓನರ್ ಬಂದು ಒಂದು ಸೈನ್ ಹಾಕಲಿ ಎಂದರು.

ಪವಿತ್ರ ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು. ರಿಂಗ್ ನಮ್ಮ ದೇಶದ ರಿಂಗಿನಂತಿರಲಿಲ್ಲ.

ಅರವತ್ತೆರಡು ಮಷೀನ್‌ಗಳನ್ನು ತಡೆದು ನಿಲ್ಲಿಸಿದ್ದೆವು. ಓನರ್ ಒಬ್ಬ ಮಾತ್ರ ಬೆಳಗಿನ ವಿಮಾನದಲ್ಲಿ ಯಾವ ತಕರಾರೂ ಇಲ್ಲದೆ ರಫ್ತಾಗಿಬಿಟ್ಟಿದ್ದ.